ಅವಳಿಗೆ ಬೋರಲು ಮಲಗಲು ಬರುವುದಿಲ್ಲ

ಮುಖಕ್ಕೆ ಒಂಬತ್ತೂವರೆ, ರೈಫಲ್‌ಗೆ ಹತ್ತಕ್ಕೆ ಹತ್ತು, ಬಟ್ಟೆಯ ಹೊಲಿಗೆಗೆ ಒಂಬತ್ತು, ಬೂಟಿಗೆ ಎಂಟು. ಡಬ್ಬಿಗೂ ಅಂಕ ಉಂಟು. ಮಿಲಿಟರಿ ಗೊಂಬೆಗಳ ವಿಮರ್ಶೆ ಓದುವ ಚಟ ಇರುವವರಿಗೆ ಈ ಅಂಕಪಟ್ಟಿ ಚೆನ್ನಾಗಿ ಗೊತ್ತು. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ ಕಾರ್ಡಿನಷ್ಟೇ ಗಂಭೀರವಾದದ್ದು. ಅದರ ಕೊನೆಯಲ್ಲಿ ಒಂದು ಷರಾ ಇದ್ದೇ ಇರುತ್ತದೆ: 'ಐತಿಹಾಸಿಕವಾಗಿ ಪೂರ್ತಿ ನಿಖರ.' ನನ್ನ ಜಗಳ ಇರುವುದು ಈ ಷರಾದ ಜೊತೆ.

ಗೊಂಬೆ ಅಂದರೆ ಸಂಗ್ರಾಹಕರು ಮುನಿಸಿಕೊಳ್ಳುತ್ತಾರೆ. 'ಆಕ್ಷನ್ ಫಿಗರ್' ಅನ್ನಬೇಕಂತೆ. ಈ ಹೆಸರು ಹುಟ್ಟಿದ್ದೇ ಒಂದು ಅಂಜಿಕೆಯಿಂದ. 1964ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಕಂಪನಿ ಜಿ.ಐ. ಜೋ ಎಂಬ ಸೈನಿಕನನ್ನು ಮಾರುಕಟ್ಟೆಗೆ ತಂದಿತು. ಕೈಕಾಲು ಮಡಚಬಹುದು, ಅಂಗಿ ತೊಡಿಸಿ ಬಿಚ್ಚಬಹುದು, ಎತ್ತರವೂ ಹೆಚ್ಚುಕಡಿಮೆ ಐದು ವರ್ಷ ಮೊದಲು ಬಂದಿದ್ದ ಬಾರ್ಬಿಯಷ್ಟೇ. ಯಾವ ಕೋನದಿಂದ ನೋಡಿದರೂ ಅದು ಗೊಂಬೆ. ಆದರೆ ಗಂಡುಮಕ್ಕಳಿಗೆ ಗೊಂಬೆ ಕೊಡಿಸಲು ಅಪ್ಪಂದಿರು ಒಪ್ಪಲಿಕ್ಕಿಲ್ಲ ಎಂಬ ಭಯಕ್ಕೆ ಕಂಪನಿ ಹೊಸ ಪದವನ್ನೇ ಟಂಕಿಸಿತು. 1967ರಲ್ಲಿ ಅದೇ ಸಾಲಿನಲ್ಲಿ ಒಬ್ಬಳು ನರ್ಸ್ ಬಂದಳು. ಹುಡುಗರು 'ಹುಡುಗಿ ಗೊಂಬೆ' ಎಂದು ಮುಟ್ಟಲಿಲ್ಲ, ಹುಡುಗಿಯರಿಗೆ ಅದು ಬಂದೂಕಿನ ಕಪಾಟಿನಲ್ಲಿ ಸಿಕ್ಕಲಿಲ್ಲ. ಮಾರಾಟವಾಗದೆ ಉಳಿದ ಆ ನರ್ಸ್‌ಗೇ ಈಗ ಸಂಗ್ರಾಹಕರು ಕೈತುಂಬಾ ದುಡ್ಡು ಸುರಿಯುತ್ತಾರೆ, ಅಪರೂಪದ್ದು ಎಂಬ ಒಂದೇ ಕಾರಣಕ್ಕೆ. ನಾನಂತೂ ಗೊಂಬೆ ಎಂದೇ ಕರೆಯುತ್ತೇನೆ. ನಮ್ಮಲ್ಲಿ ದಸರೆಗೆ ರಾಜ ರಾಣಿಯನ್ನೇ ಗೊಂಬೆ ಮಾಡಿ ಮೆಟ್ಟಿಲ ಮೇಲೆ ಕೂರಿಸುತ್ತೇವೆ, ಯಾರ ಮರ್ಯಾದೆಯೂ ಹೋಗಿಲ್ಲ.

ನನ್ನ ಮೇಜಿನ ಮೇಲಿರುವುದು ಎರಡನೇ ಮಹಾಯುದ್ಧದ ಕಾಲದ ಸೋವಿಯತ್ ಮಹಿಳಾ ಸ್ನೈಪರ್. ನಿಜ ಮನುಷ್ಯರ ಆರನೇ ಒಂದು ಅಳತೆ, ಅಂದರೆ ಹೆಚ್ಚುಕಡಿಮೆ ಮೂವತ್ತು ಸೆಂಟಿಮೀಟರ್ ಎತ್ತರ. ಮಾಡಿದವರ ಹೆಸರು ಬೇಡ. ಇಂಥವನ್ನು ಮಾಡುವವರು ಹಲವರಿದ್ದಾರೆ, ರೋಗವೂ ಒಬ್ಬರದಲ್ಲ.

ಮೊದಲು ಹೊಗಳಬೇಕಾದ್ದನ್ನು ಹೊಗಳಿಬಿಡುತ್ತೇನೆ. ರೈಫಲ್ ಅದ್ಭುತವಾಗಿದೆ. ಮೋಸಿನ್ ನಗಾಂತ್ 91/30. ನಿಜದ ಬಂದೂಕು ಸುಮಾರು 123 ಸೆಂಟಿಮೀಟರ್ ಉದ್ದ. ಇಲ್ಲಿ ಸ್ಕೇಲ್ ಇಟ್ಟು ನೋಡಿದೆ, ಇಪ್ಪತ್ತೂವರೆ ಬಂತು. ಸಾಮಾನ್ಯ ಸಿಪಾಯಿಯ ಮೋಸಿನ್‌ನಲ್ಲಿ ಬೋಲ್ಟಿನ ಹಿಡಿ ನೇರವಾಗಿ ಪಕ್ಕಕ್ಕೆ ಚಾಚಿರುತ್ತದೆ. ಸ್ನೈಪರ್‌ನ ಬಂದೂಕಿನಲ್ಲಿ ಹಾಗಿದ್ದರೆ ಎತ್ತುವಾಗ ಮೇಲಿನ ಸ್ಕೋಪಿಗೆ ಬಡಿಯುತ್ತದೆ, ಹಾಗಾಗಿ ಅದನ್ನು ಉದ್ದ ಮಾಡಿ ಕೆಳಕ್ಕೆ ಬಗ್ಗಿಸಿರುತ್ತಾರೆ. ಈ ಗೊಂಬೆಯ ಬಂದೂಕಿನಲ್ಲಿ ಹಿಡಿ ಕೆಳಕ್ಕೆ ಬಗ್ಗಿದೆ. ಸ್ಕೋಪ್ ಅಡ್ಡ ಇರುವುದರಿಂದ ಐದು ಗುಂಡುಗಳ ಪಟ್ಟಿಯನ್ನು ಒಂದೇ ಸಲಕ್ಕೆ ಒತ್ತಿ ತುಂಬಲು ಆಗುವುದಿಲ್ಲ, ಒಂದೊಂದಾಗಿ ತುಂಬಬೇಕು. ಅದು ತಿಳಿದವರೇ ಇರಬೇಕು, ಬಿಡಿ ಗುಂಡುಗಳನ್ನೇ ಪುಟ್ಟ ಚೀಲದಲ್ಲಿ ಹಾಕಿ ಕಳಿಸಿದ್ದಾರೆ. ಅಕ್ಕಿಕಾಳಿಗಿಂತ ತುಸು ದೊಡ್ಡ ಗುಂಡುಗಳು, ಹಿತ್ತಾಳೆ ಬಣ್ಣ. ಬೋಲ್ಟ್ ಎಳೆದರೆ 'ಟಿಕ್' ಅನ್ನುತ್ತದೆ. ಇದನ್ನು ಮಾಡಿದ ಕುಶಲಕರ್ಮಿ ಹಳೆಯ ಫೋಟೋಗಳನ್ನು ಭೂತಗನ್ನಡಿ ಹಿಡಿದು ನೋಡಿರಬೇಕು. ಹತ್ತಕ್ಕೆ ಹತ್ತು ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ.

ಈಗ ಬಂದೂಕು ಹಿಡಿದವಳ ಕಡೆ ಬರೋಣ.

ಸ್ನೈಪರ್ ಕೆಲಸ ಅಂದರೆ ಮುಕ್ಕಾಲು ಪಾಲು ಮಲಗುವುದು. ಸೋವಿಯತ್ ಸೇನೆಯಲ್ಲಿ ಇವರು ಸಾಮಾನ್ಯವಾಗಿ ಜೋಡಿಯಾಗಿ ಹೋಗುತ್ತಿದ್ದರು. ಬೆಳಕು ಹರಿಯುವ ಮೊದಲೇ ಎರಡೂ ಸೇನೆಗಳ ನಡುವಿನ ಜಾಗಕ್ಕೆ ತೆವಳಿ, ಗುಂಡಿಯಲ್ಲೋ ಪೊದೆಯ ಬುಡದಲ್ಲೋ ಹಿಮದಲ್ಲೋ ಹೊಟ್ಟೆ ಅಡಿಯಾಗಿ ಮಲಗಿದರೆ ಕತ್ತಲಾಗುವವರೆಗೆ ಏಳುವಂತಿಲ್ಲ. ಎದ್ದರೆ ಎದುರಿನ ಸ್ನೈಪರ್ ಕಾಯುತ್ತಿರುತ್ತಾನೆ. ನಾನು ಈ ಗೊಂಬೆಯನ್ನು ಅದರ ಸ್ಟ್ಯಾಂಡಿನಿಂದ ಇಳಿಸಿ ಬೋರಲು ಮಲಗಿಸಿದೆ. ಮುಖ ನೆಲಕ್ಕೆ ಕವುಚಿಕೊಂಡಿತು. ಕುತ್ತಿಗೆಯ ಕೀಲು ಹಿಂದಕ್ಕೆ ಬಾಗುವುದೇ ಇಲ್ಲ. ಎದೆಯನ್ನು ಎಷ್ಟು ಉಬ್ಬಿಸಿದ್ದಾರೆಂದರೆ ಮೈ ಮೇಜಿಗೆ ತಾಗದೆ ದೋಣಿಯ ಹಾಗೆ ತೂಗುತ್ತದೆ. ಎರಡು ಕೈಯನ್ನೂ ಮುಂದೆ ತಂದರೆ ಅದೇ ಎದೆ ಅಡ್ಡ ಬರುತ್ತದೆ. ಎಡಗೈ ಬಂದೂಕಿಗೆ ಎಟುಕಿದರೆ ಬಂದೂಕಿನ ಹಿಂತುದಿ ಭುಜ ಬಿಟ್ಟು ತೋಳಿನ ಹೊರಗೆ ಜಾರುತ್ತದೆ. ಕೆನ್ನೆಗೂ ಸ್ಕೋಪಿಗೂ ನಡುವೆ ಒಂದು ಬೆರಳು ತೂರಿಸಬಹುದು. ಅಂದರೆ, ತನ್ನ ವೃತ್ತಿಗೆ ಬೇಕಾದ ಒಂದೇ ಒಂದು ಭಂಗಿ ಅವಳಿಗೆ ಬರುವುದಿಲ್ಲ. ಬರುವುದು ಯಾವುದು? ನಿಲ್ಲುವುದು. ಒಂದು ಕಾಲು ಮುಂದಿಟ್ಟು, ಸೊಂಟ ತುಸು ವಾರೆ ಮಾಡಿ, ಬಂದೂಕನ್ನು ಎದೆಗೆ ಅಡ್ಡ ಹಿಡಿದು, ನಮ್ಮ ಕಡೆಗೆ ನೋಡುತ್ತಾ ನಿಲ್ಲುವುದು.

ಅದೇ ಯುದ್ಧದ ಒಬ್ಬ ಗಂಡು ಸ್ನೈಪರ್ ಗೊಂಬೆಯೂ ನನ್ನಲ್ಲಿದೆ. ಅವನ ಕುತ್ತಿಗೆಗೆ ಎರಡು ಕೀಲು, ಮಲಗಿ ಗುರಿ ಇಡುತ್ತಾನೆ. ಮುಖದ ತುಂಬ ಕುರುಚಲು ಗಡ್ಡ, ಕಣ್ಣ ಕೆಳಗೆ ಕಪ್ಪು, ಹಣೆಯ ನೆರಿಗೆಯಲ್ಲಿ ಮಣ್ಣು. ಇವಳ ಕೆನ್ನೆಯಲ್ಲಿ ಕೆಂಪು ರಂಗು, ಹುಬ್ಬು ತಿದ್ದಿದ್ದು, ತುಟಿ ಹೊಳೆಯುತ್ತದೆ. ಯುದ್ಧ ಗಂಡಸಿನ ಮುಖದಲ್ಲಿ ಗೆರೆಯಾಗಿ ಬಿದ್ದರೆ ಹೆಂಗಸಿನ ಮುಖದಲ್ಲಿ ರೂಜ್ ಆಗುತ್ತದೆ ಎಂದು ನಂಬಬೇಕು. 'ನಿಖರ' ಎಂದು ಬರೆದವರು ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡಿಲ್ಲವೇ?

ಈ ನೋಟಕ್ಕೆ ವಯಸ್ಸಾಗಿದೆ. 1942ರ ಆಗಸ್ಟಿನಲ್ಲಿ ಲ್ಯುದ್ಮಿಲಾ ಪಾವ್ಲಿಚೆಂಕೊ ಅಮೆರಿಕಕ್ಕೆ ಬಂದಳು. ಉಕ್ರೇನಿನ ಬೇಲಾ ತ್ಸೆರ್ಕ್‌ವಾದಲ್ಲಿ 1916ರಲ್ಲಿ ಹುಟ್ಟಿದವಳು. ಕೀವ್‌ನ ಕಾರ್ಖಾನೆಯೊಂದರಲ್ಲಿ ದುಡಿದು, ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುತ್ತಿದ್ದವಳು. ಯುದ್ಧ ಶುರುವಾದಾಗ ಆಕೆಗೆ ಒಬ್ಬ ಮಗನಿದ್ದ. ಒಡೆಸ್ಸಾ, ಆಮೇಲೆ ಸೆವಸ್ತೊಪೋಲ್. ಎರಡನೇ ಗಂಡ ಸೆವಸ್ತೊಪೋಲ್ ಮುತ್ತಿಗೆಯಲ್ಲೇ ತೀರಿಕೊಂಡ. 1942ರ ಜೂನ್‌ನಲ್ಲಿ ಗಾಯಗೊಂಡ ಆಕೆಯನ್ನು ಜಲಾಂತರ್ಗಾಮಿಯಲ್ಲಿ ಹೊರಗೆ ಸಾಗಿಸಿದರು. ಅಧಿಕೃತ ಲೆಕ್ಕದ ಪ್ರಕಾರ ಆಗ ಆಕೆ ಕೊಂದವರು 309. ಶ್ವೇತಭವನದಲ್ಲಿ ಅಧ್ಯಕ್ಷರನ್ನೂ ಭೇಟಿಯಾದಳು. ಇಷ್ಟೆಲ್ಲ ಹಿಂದೆ ಬಿಟ್ಟು ಬಂದವಳನ್ನು ಅಮೆರಿಕದ ಪತ್ರಕರ್ತರು ಕೇಳಿದ್ದೇನು? ರಣರಂಗದಲ್ಲಿ ಹೆಂಗಸರು ಮೇಕಪ್ ಹಚ್ಚಿಕೊಳ್ಳುತ್ತಾರೆಯೇ ಎಂದು. ಇನ್ನೊಬ್ಬರಿಗೆ ಆಕೆಯ ಲಂಗದ ಉದ್ದ ಹೆಚ್ಚಾಗಿ ಕಂಡಿತು, ಆ ಸಮವಸ್ತ್ರದಲ್ಲಿ ದಪ್ಪ ಕಾಣುತ್ತಾಳೆ ಎಂಬ ಮಾತೂ ಬಂತು. ಜೊತೆಯಲ್ಲಿ ವ್ಲಾದಿಮಿರ್ ಪ್ಚೆಲಿಂತ್ಸೆವ್ ಎಂಬ ಇನ್ನೊಬ್ಬ ಸ್ನೈಪರ್ ಇದ್ದ. ಅವನ ಪ್ಯಾಂಟಿನ ಉದ್ದದ ಬಗ್ಗೆ ಯಾರಾದರೂ ಬರೆದದ್ದನ್ನು ನಾನು ಓದಿಲ್ಲ.

ಕೆಲವು ದಿನ ಸಹಿಸಿಕೊಂಡ ಪಾವ್ಲಿಚೆಂಕೊ ಆಮೇಲೆ ತಿರುಗಿಬಿದ್ದಳು. ನನ್ನ ಸಮವಸ್ತ್ರದ ಮೇಲೆ ಲೆನಿನ್ ಪದಕವಿದೆ, ಅದಕ್ಕೆ ರಕ್ತ ಮೆತ್ತಿದೆ, ನಿಮಗೆ ಅದರ ಅಡಿಯಲ್ಲಿ ರೇಷ್ಮೆ ಒಳ ಉಡುಪು ಇದೆಯೇ ಇಲ್ಲವೇ ಎಂಬುದೇ ದೊಡ್ಡದು ಎಂಬರ್ಥದ ಮಾತಾಡಿದಳು. ಶಿಕಾಗೋದ ಸಭೆಯಲ್ಲಿ ಗಂಡಸರನ್ನು ನೇರವಾಗಿ ಕೇಳಿದಳು, ನನ್ನ ಬೆನ್ನ ಹಿಂದೆ ಇನ್ನೆಷ್ಟು ದಿನ ಅಡಗಿರುತ್ತೀರಿ ಎಂದು. ಆಕೆ ಅಂದು ಕೇಳಿಸಿಕೊಂಡ ಪ್ರಶ್ನೆಗಳನ್ನೇ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದರೆ ನನ್ನ ಮೇಜಿನ ಮೇಲಿನ ಗೊಂಬೆಯಾಗುತ್ತದೆ. ಮೇಕಪ್ಪಿಗೆ ಮೇಕಪ್ಪು ಬಂತು, ಲಂಗ ಗಿಡ್ಡವಾಯಿತು, ಸೊಂಟ ಸಣ್ಣವಾಯಿತು. ಅಂದಿನ ವರದಿಗಾರ ಬಯಸಿದ್ದನ್ನು ಇಂದಿನ ಕಾರ್ಖಾನೆ ಪೂರೈಸಿದೆ.

ಇನ್ನು ಬೂಟಿನ ವಿಷಯ. ವಿಮರ್ಶಕರು ಎಂಟು ಅಂಕ ಕೊಟ್ಟು, ಬೂಟು ಕಾಲಿಗೆ ತುಂಬ ಬಿಗಿ, ತೊಡಿಸುವುದು ಕಷ್ಟ ಎಂದು ದೂರುತ್ತಾರೆ. ಸ್ವೆತ್ಲಾನಾ ಅಲೆಕ್ಸಿಯೆವಿಚ್ ಅವರ 'ದಿ ಅನ್‌ವುಮನ್ಲಿ ಫೇಸ್ ಆಫ್ ವಾರ್' (ಮೂಲ 1985) ಓದಿದವರಿಗೆ ಇಲ್ಲಿ ನಗಬೇಕೋ ಅಳಬೇಕೋ ತಿಳಿಯದು. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸೇನೆ ಸೇರಿದ ಹೆಣ್ಣುಮಕ್ಕಳು ಸುಮಾರು ಎಂಟು ಲಕ್ಷ. ಅವರಲ್ಲಿ ನೂರಾರು ಮಂದಿಯ ಮಾತನ್ನು ಆಕೆ ದಾಖಲಿಸಿಕೊಂಡರು. ಅಲ್ಲಿ ಬೂಟು ಮತ್ತೆ ಮತ್ತೆ ಬರುತ್ತದೆ: ಗಂಡಸರ ಅಳತೆಯ, ಎರಡು ಮೂರು ಸೈಜ್ ದೊಡ್ಡ ಬೂಟು. ಗಂಡಸರ ಒಳ ಉಡುಪು. ನೆಲ ಗುಡಿಸುವ ಕೋಟು. ಮರಿಯಾ ಮೊರೊಜೊವಾ ಎಂಬ ಸ್ನೈಪರ್ ಮನೆ ಬಿಟ್ಟಾಗ ತನ್ನ ಚೆಂದದ ಜಡೆ ಕತ್ತರಿಸಿದ್ದನ್ನು ನೆನೆಯುತ್ತಾಳೆ. ಗೊಂಬೆಗೆ ಎರಡು ಜಡೆ ಇವೆ, ಒಂದೊಂದು ಕೂದಲನ್ನೂ ನೆತ್ತಿಗೆ ನೆಟ್ಟದ್ದು. ಬಾಚಲು ಬಾಚಣಿಗೆಯೂ ಡಬ್ಬಿಯಲ್ಲಿದೆ.

ಅದೇ ಮೊರೊಜೊವಾ ಹೇಳುವ ಇನ್ನೊಂದು ಘಟನೆ ನನ್ನನ್ನು ಬಿಟ್ಟಿಲ್ಲ. ಊಟವಿಲ್ಲದ ದಿನಗಳು. ಎದುರಿಗೆ ಒಂದು ಕುದುರೆ ಮರಿ ಬಂತು. ಗುರಿಕಾರ್ತಿಯಲ್ಲವೇ, ಹೊಡೆದಳು, ಪಡೆಗೆ ಊಟವಾಯಿತು. ಆದರೆ ಆ ಮರಿಯ ಕೊನೆಯ ಕೂಗು ಕಿವಿಯಿಂದ ಹೋಗಲಿಲ್ಲ, ಊಟ ಗಂಟಲಲ್ಲಿ ಇಳಿಯಲಿಲ್ಲ, ಜೊತೆಯ ಹುಡುಗಿಯರು ಕಟುಕಿ ಎಂಬಂತೆ ಬೈದರು. ಮನುಷ್ಯರನ್ನು ಕೊಲ್ಲುವ ಕೆಲಸದಲ್ಲಿದ್ದವರು ಒಂದು ಕುದುರೆ ಮರಿಗಾಗಿ ಅತ್ತರು. ಬಂದೂಕಿನ ಬೋಲ್ಟಿನ ಬಾಗು ಗೊತ್ತಿರುವವರಿಗೆ ಈ ಹುಡುಗಿಯ ಮುಖ ಹೇಗಿದ್ದಿರಬಹುದು ಎಂದು ಊಹಿಸುವ ಗೋಜೇ ಬೇಕಾಗಲಿಲ್ಲ.

ಯುದ್ಧ ಮುಗಿದ ಮೇಲಿನ ಕಥೆ ಇನ್ನೂ ಕಹಿ. ಗಂಡಸರು ಪದಕ ತೊಟ್ಟು ಬೀದಿಯಲ್ಲಿ ನಡೆದರು. ಹೆಂಗಸರು ಪದಕಗಳನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರು, ಏಕೆಂದರೆ ರಣರಂಗದಿಂದ ಬಂದ ಹೆಣ್ಣು ಅಂದರೆ ಸಿಪಾಯಿಗಳ ನಡುವೆ ಮಲಗೆದ್ದು ಬಂದವಳು ಎಂಬ ಮಾತು ಊರಲ್ಲಿ ಎದ್ದಿತ್ತು. ಬೈದವರಲ್ಲಿ ಅಕ್ಕಪಕ್ಕದ ಹೆಂಗಸರೂ ಇದ್ದರು. ಮದುವೆ ಆಗಲಾರದೆಂಬ ಹೆದರಿಕೆಗೆ ಯುದ್ಧಕ್ಕೆ ಹೋಗಿದ್ದನ್ನೇ ಮರೆಮಾಚಿದವರಿದ್ದಾರೆ. ಈ ಗೊಂಬೆಯ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿಟ್ಟಿರುವುದನ್ನು ನೋಡಿದಾಗ ನನಗೆ ಕಸಿವಿಸಿಯಾಗುವುದು ಮಡಿವಂತಿಕೆಯಿಂದಲ್ಲ. ಆ ಹೆಂಗಸರ ಮೇಲೆ ಊರು ಹೊರಿಸಿದ್ದ ಅಪವಾದವನ್ನೇ ಎಪ್ಪತ್ತೆಂಬತ್ತು ವರ್ಷ ಕಳೆದ ಮೇಲೆ ಗೌರವದ ಹೆಸರಿನಲ್ಲಿ ಮಾರುತ್ತಿದ್ದಾರಲ್ಲ, ಅದಕ್ಕೆ.

'ಸ್ನೈಪರ್ ಸುಂದರಿ ಆಗಿರಬಾರದೇ?' ಇದು ನಾನು ಪ್ರತಿಸಲ ಕೇಳುವ ಪ್ರಶ್ನೆ. ಧಾರಾಳವಾಗಿ ಆಗಿರಬಹುದು. ಅರ್ಖಾಂಗೆಲ್ಸ್ಕ್‌ನ ಶಿಶುವಿಹಾರದಲ್ಲಿ ಟೀಚರ್ ಆಗಿದ್ದ ರೋಜಾ ಶಾನಿನಾಳ ಫೋಟೋ ನೋಡಿ. ಬಂದೂಕು ಹಿಡಿದು ನಿಂತಿದ್ದಾಳೆ, ಚೆಲುವೆ, ಅನುಮಾನವಿಲ್ಲ. ಮಾಸ್ಕೋ ಬಳಿ ಹೆಣ್ಣುಮಕ್ಕಳಿಗೆಂದೇ ತೆರೆದಿದ್ದ ಸ್ನೈಪರ್ ಶಾಲೆಯಲ್ಲಿ ಕಲಿತವಳು. ಆ ಶಾಲೆಯಿಂದ ಸಾವಿರಕ್ಕೂ ಹೆಚ್ಚು ಹುಡುಗಿಯರು ಸ್ನೈಪರ್ ಆಗಿ ಹೊರಬಂದರು. ಮುಂಚೂಣಿಗೆ ಹೋಗಬೇಡ ಎಂದರೂ ಕೇಳದೆ ಓಡುತ್ತಿದ್ದ ಶಾನಿನಾ ದಿನಚರಿ ಬರೆಯುತ್ತಿದ್ದಳು. 1945ರ ಜನವರಿಯಲ್ಲಿ ಪೂರ್ವ ಪ್ರಶ್ಯಾದಲ್ಲಿ ಸತ್ತಾಗ ಇಪ್ಪತ್ತು ವರ್ಷ. ಅಲೆಕ್ಸಿಯೆವಿಚ್ ಪುಸ್ತಕದಲ್ಲೂ ಹೆಂಗಸರು ಚೆಂದದ ಬಗ್ಗೆ ಆಸೆಯಿಂದ ಮಾತಾಡುತ್ತಾರೆ. ಸಾವಿಗಿಂತ, ಸತ್ತ ಮೇಲೆ ವಿಕಾರವಾಗಿ ಬಿದ್ದಿರುತ್ತೇನಲ್ಲ ಎಂಬುದಕ್ಕೇ ಹೆದರಿದವರಿದ್ದಾರೆ. ಆ ಚೆಂದ ಅವರದ್ದು, ಅವರ ಕನ್ನಡಿಯದ್ದು. ಗೊಂಬೆಯ ಚೆಂದ ಎದುರಿಗೆ ನಿಂತು ದುಡ್ಡು ಎಣಿಸುವವನದ್ದು.

ಕಾಲ್ಪನಿಕ ಪಾತ್ರಗಳ ಗೊಂಬೆಗಳಿಗೆ ಬಂದರೆ ಇತಿಹಾಸದ ಹಂಗೂ ಇಲ್ಲ. ಹಿಡಿಯೋ ಕೊಜಿಮಾ 2015ರಲ್ಲಿ ತಂದ 'ಮೆಟಲ್ ಗೇರ್ ಸಾಲಿಡ್ 5' ವಿಡಿಯೋ ಗೇಮಿನಲ್ಲಿ ಕ್ವಾಯಟ್ ಎಂಬ ಸ್ನೈಪರ್ ಇದ್ದಾಳೆ. ಮಾತಾಡುವುದಿಲ್ಲ, ತೊಟ್ಟಿರುವುದು ಬಿಕಿನಿ ಮತ್ತು ಹರಿದ ಕಾಲುಚೀಲ. ಗೇಮ್ ಬರುವ ಮೊದಲೇ ಜನ ತಕರಾರು ತೆಗೆದಾಗ, ಇದಕ್ಕೊಂದು ಕಾರಣವಿದೆ, ತಿಳಿದ ಮೇಲೆ ನೀವೇ ನಾಚಿಕೊಳ್ಳುತ್ತೀರಿ ಎಂದರು ಕೊಜಿಮಾ. ಕಾರಣ ಬಂತು: ಮೈಯಲ್ಲಿ ಸೇರಿರುವ ಪರೋಪಜೀವಿಗಳಿಂದಾಗಿ ಅವಳು ಚರ್ಮದ ಮೂಲಕ ಉಸಿರಾಡುತ್ತಾಳೆ, ಬಟ್ಟೆ ತೊಟ್ಟರೆ ಉಸಿರುಗಟ್ಟುತ್ತದೆ. ಸರಿ, ಒಪ್ಪೋಣ. ಆದರೆ ಅದೇ ಸರಣಿಯ 2004ರ ಗೇಮಿನಲ್ಲಿ 'ದಿ ಎಂಡ್' ಎಂಬ ನೂರು ದಾಟಿದ ಮುದುಕ ಇದ್ದಾನೆ. ಅವನೂ ಸ್ನೈಪರ್, ಅವನ ಮೈಯಲ್ಲೂ ಅಂಥವೇ ಪರೋಪಜೀವಿಗಳು. ಅಜ್ಜ ಮಾತ್ರ ಮೈತುಂಬ ಬಟ್ಟೆ ತೊಟ್ಟು ಆರಾಮಾಗಿ ಕಾಡಿನಲ್ಲಿ ಕೂತಿದ್ದಾನೆ! ನಾಚಿಕೊಳ್ಳುವ ಸರದಿ ಯಾರದು? ಕ್ವಾಯಟ್‌ಳ ಗೊಂಬೆ ಬಂದಾಗ ಎದೆಯ ಭಾಗಕ್ಕೆ ಒತ್ತಿದರೆ ಒಳಹೋಗುವ ಮೆತ್ತನೆಯ ಪ್ಲಾಸ್ಟಿಕ್ ಹಾಕಿದ್ದರು. ಅದನ್ನು ಹಿಸುಕುವ ಚಿತ್ರಗಳನ್ನು ಹಂಚಿಕೊಂಡವರು ಸ್ವತಃ ಕೊಜಿಮಾ.

ಆದರೂ ನನಗೆ ಕ್ವಾಯಟ್ ಗೊಂಬೆಗಿಂತ ಸೋವಿಯತ್ ಗೊಂಬೆಯ ಮೇಲೇ ಸಿಟ್ಟು ಜಾಸ್ತಿ. ಕ್ವಾಯಟ್ ಏನನ್ನೂ ಮುಚ್ಚಿಡುವುದಿಲ್ಲ, ಅವಳನ್ನು ಯಾರಿಗಾಗಿ ಮಾಡಿದ್ದಾರೆಂದು ನೋಡಿದ ಕೂಡಲೇ ತಿಳಿಯುತ್ತದೆ. ಇದು ಹಾಗಲ್ಲ. ಬೋಲ್ಟಿನ ಬಾಗು, ಬಿಡಿ ಗುಂಡು, ಚರ್ಮದ ಪಟ್ಟಿಯ ಹೊಲಿಗೆ, ಇವುಗಳ ಸತ್ಯವನ್ನು ಜಾಮೀನು ಇಟ್ಟು ಹೆಣ್ಣಿನ ಬಗೆಗಿನ ಸುಳ್ಳನ್ನು ಸಾಲ ತರುತ್ತದೆ. ಬಂದೂಕು ಇಷ್ಟು ಸರಿ ಇರುವಾಗ ಅವಳೂ ಹೀಗೇ ಇದ್ದಿರಬೇಕು ಅನ್ನಿಸಿಬಿಡುತ್ತದೆ. ಮುಂದಿನ ಪೀಳಿಗೆ ಪಾವ್ಲಿಚೆಂಕೊಳ ಆತ್ಮಕಥೆಗಿಂತ ಮೊದಲು ಈ ಗೊಂಬೆಯ ಫೋಟೋ ನೋಡುತ್ತದೆ.

ತಪ್ಪೆಲ್ಲ ಮಾರುಕಟ್ಟೆಯದೇ ಎಂದೂ ಹೇಳಲಾರೆ. ಪಾವ್ಲಿಚೆಂಕೊಳನ್ನು ಮೊದಲು ಗೊಂಬೆ ಮಾಡಿದ್ದು ಆಕೆಯ ಸರ್ಕಾರವೇ. ಗಾಯ ಮಾಯ್ದ ಮೇಲೆ ಆಕೆಯನ್ನು ಮತ್ತೆ ಮುಂಚೂಣಿಗೆ ಕಳಿಸಲಿಲ್ಲ. ಭಾಷಣಕ್ಕೆ ಕಳಿಸಿದರು, ತರಬೇತಿ ಕೊಡಲು ಹಚ್ಚಿದರು, 1943ರಲ್ಲಿ 'ಸೋವಿಯತ್ ಒಕ್ಕೂಟದ ವೀರ' ಬಿರುದು ಕೊಟ್ಟು ಅಂಚೆಚೀಟಿಯಲ್ಲಿ ಮುದ್ರಿಸಿದರು. 309 ಎಂಬ ಆ ಸಂಖ್ಯೆಯೂ ಒಂದು ಭಂಗಿಯೇ. ಅದರ ಬಗ್ಗೆ ಇತಿಹಾಸಕಾರರ ತಕರಾರುಗಳಿವೆ, ಆದರೆ ಆಕೆಯ ಬಗ್ಗೆ ಬರೆಯುವ ಯಾರೂ, ಈಗ ನಾನೂ ಸೇರಿ, ಅದನ್ನು ಬಿಟ್ಟು ಬರೆಯಲಾರೆವು. ಅಮೆರಿಕದಲ್ಲಿ ವುಡಿ ಗಥ್ರಿ ಆಕೆಯ ಮೇಲೆ ಹಾಡು ಕಟ್ಟಿದ. ಯುದ್ಧದ ನಂತರ ಅರ್ಧಕ್ಕೆ ಬಿಟ್ಟಿದ್ದ ಇತಿಹಾಸದ ಓದು ಮುಗಿಸಿ ನೌಕಾಪಡೆಯ ಕೇಂದ್ರ ಕಚೇರಿಯಲ್ಲಿ ಸಂಶೋಧಕಿಯಾಗಿ ದುಡಿದಳು ಎಂಬ ವಿವರಕ್ಕೆ ಯಾರೂ ಹಾಡು ಕಟ್ಟಲಿಲ್ಲ. 1974ರಲ್ಲಿ, ಐವತ್ತೆಂಟನೇ ವಯಸ್ಸಿನಲ್ಲಿ ತೀರಿಕೊಂಡಳು.

'ಬರೀ ಗೊಂಬೆಗೆ ಇಷ್ಟೊಂದು ಯಾಕೆ?' ಎನ್ನುವವರಿಗೆ ಆರು ವರ್ಷದ ಒಬ್ಬ ಹುಡುಗಿಯ ವಿಷಯ ಹೇಳಬೇಕು. 2019ರಲ್ಲಿ ಅಮೆರಿಕದ ಆ ಹುಡುಗಿ ಗೊಂಬೆ ಕಂಪನಿಗಳಿಗೆ ಕಾಗದ ಬರೆದಳು. ಹಸಿರು ಪ್ಲಾಸ್ಟಿಕ್ ಸಿಪಾಯಿಗಳ ಪೊಟ್ಟಣ ಇರುತ್ತದಲ್ಲ, ಅದರಲ್ಲಿ ಹುಡುಗಿಯರು ಯಾಕಿಲ್ಲ ಎಂಬುದು ಅವಳ ಪ್ರಶ್ನೆ. ಪೆನ್ಸಿಲ್ವೇನಿಯಾದ ಬಿಎಂಸಿ ಟಾಯ್ಸ್ ಎಂಬ ಚಿಕ್ಕ ಕಂಪನಿ ಹೊಸ ಅಚ್ಚು ಮಾಡಿಸಿ ಮರುವರ್ಷವೇ ಹೆಣ್ಣು ಸಿಪಾಯಿಗಳನ್ನು ಹೊರತಂದಿತು. ಬೆರಳುದ್ದದ ಅಗ್ಗದ ಗೊಂಬೆಗಳು. ಅಲ್ಲಿ ಬೋಲ್ಟ್ ಎಳೆಯಲಾಗದು, ಗುಂಡಿ ಬಿಚ್ಚಲಾಗದು. ಆದರೆ ಅವು ಗಂಡು ಸಿಪಾಯಿಗಳು ಮಾಡುವ ಕೆಲಸವನ್ನೇ ಮಾಡುತ್ತಿವೆ, ಯಾರ ಕಡೆಗೂ ತಿರುಗಿ ನಿಂತಿಲ್ಲ.

ಹೆಣ್ಣು ಸ್ನೈಪರ್ ಹಳೆಯ ಕಥೆಯೂ ಅಲ್ಲ. 2024ರಲ್ಲಿ ನಮ್ಮ ಗಡಿ ಭದ್ರತಾ ಪಡೆಯ ಸುಮನ್ ಕುಮಾರಿ ಇಂದೋರಿನಲ್ಲಿ ಎಂಟು ವಾರಗಳ ಸ್ನೈಪರ್ ತರಬೇತಿ ಮುಗಿಸಿದರು, 56 ಗಂಡಸರ ನಡುವೆ ಒಬ್ಬರೇ ಹೆಂಗಸು. ಪಾವ್ಲಿಚೆಂಕೊ ಹುಟ್ಟಿದ ಉಕ್ರೇನಿನಲ್ಲಿ ಈಗ ಮತ್ತೆ ಯುದ್ಧ ನಡೆದಿದೆ, ಹೆಣ್ಣುಮಕ್ಕಳು ಮತ್ತೆ ಮುಂಚೂಣಿಯಲ್ಲಿದ್ದಾರೆ. ಅವರು ಬಹುಕಾಲ ಹೊಡೆದಾಡಿದ್ದು ಗಂಡಸರ ಅಳತೆಯ ಸಮವಸ್ತ್ರದಲ್ಲೇ, ಪ್ಯಾಂಟು ಮಡಚಿ, ಸೊಂಟಕ್ಕೆ ಬೆಲ್ಟು ಬಿಗಿದು. ಹೆಂಗಸರ ಮೈಕಟ್ಟಿಗೆ ಹೊಲಿದ ಬೇಸಿಗೆಯ ಯುದ್ಧ ಉಡುಪಿಗೆ ಅಲ್ಲಿಯ ರಕ್ಷಣಾ ಇಲಾಖೆ ಒಪ್ಪಿಗೆ ಕೊಟ್ಟದ್ದು 2023ರಲ್ಲಿ. ಅಷ್ಟರಲ್ಲಿ ಗೊಂಬೆ ಸ್ನೈಪರ್‌ಗಳು ಅಳತೆಗೆ ಹೊಲಿಸಿದ ಸಮವಸ್ತ್ರ ತೊಟ್ಟು ವರ್ಷಗಳೇ ಆಗಿದ್ದವು.

ವಿಮರ್ಶಕ ಮಿತ್ರರಲ್ಲಿ ಕೇಳುವುದಿಷ್ಟೇ. ಅಂಕಪಟ್ಟಿಯಲ್ಲಿ ಡಬ್ಬಿಗೆ ಇಟ್ಟ ಕಾಲಂ ತೆಗೆದುಹಾಕಿ. ಅಲ್ಲಿ ಇನ್ನೊಂದು ಕಾಲಂ ಹಾಕಿ: ಬೋರಲು ಮಲಗಿ, ತಲೆ ಎತ್ತಿ, ಸ್ಕೋಪಿಗೆ ಕಣ್ಣಿಡಲು ಬರುತ್ತದೆಯೇ? ಫೋಟೋ ಸಮೇತ ಬರೆಯಿರಿ. ನನ್ನದಕ್ಕೆ ಸೊನ್ನೆ.